ಬಣ್ಣ ಬದಲಾಗುವ ಸಾಲು

ನರಗುಂದದ ದವಾಖಾನೆಯಿಂದ ಫೋನು ಬಂದಾಗ ನಾನು ರೋಣದಲ್ಲಿ ಅವ್ವನ ಮನೆಯಲ್ಲಿದ್ದೆ. ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಹೆಣ್ಣು ಕೂಸು, ಗಾಜಿನ ಪೆಟ್ಟಿಗೆಯಲ್ಲಿತ್ತು. ತಲೆಗೆ ಉಣ್ಣೆಯ ಟೊಪ್ಪಿಗೆ ಬೇಕಂತೆ. ಆದರೆ ಫೋನು ಮಾಡಿದ್ದ ತಂಗಿಯ ಗಂಡನ ಚಿಂತೆ ಬೇರೆಯೇ ಇತ್ತು.

"ಅಕ್ಕಾರ, ಆಕಿ ಕೂಸಿನ ಮಾರಿನ ನೋಡವಲ್ಲಳ್ರಿ. ಒಂದ ಮಾತೂ ಆಡವಲ್ಲಳು. ಲಗೂ ಬರ್ರಿ."

ಹಿಂದಿನ ಕೂಸು ಒಂದು ವಾರವೂ ಉಳಿದಿರಲಿಲ್ಲ. ಅದನ್ನು ಆಕೆ ಕಣ್ತುಂಬ ನೋಡಿದ್ದಳು. ಈ ಸಲ ನೋಡಲೇ ಹೆದರಿದ್ದಾಳೆಂದು ತಿಳಿಯಿತು.

ಹೊಸ ಉಣ್ಣೆ ತರುತ್ತೇನೆಂದರೆ ಅವ್ವ ಬಿಡಲಿಲ್ಲ. "ಎಳೆಗೂಸಿಗೆ ಮೊದಲ ಹೊಸಾದು ಹಾಕಬಾರದು. ಬಾಳಿ ಬದುಕಿದವರದ ಆಗಬೇಕು." ತೊಂಬತ್ತು ದಾಟಿದ ಅಜ್ಜಿಯ ಕೆಂಪು ಸ್ವೆಟರಿನ ಹೆಣಿಗೆ ಬಿಚ್ಚಿ ನೂಲು ತೆಗೆದಳು. ಅದರಲ್ಲಿ ಗಟ್ಟಿ ಉಳಿದ ನೂಲು ಸ್ವಲ್ಪವೇ ಇತ್ತು. ತನ್ನ ಬಿಳಿಯದನ್ನೂ ಬಿಚ್ಚಿದಳು. ಹೀಗೆ ಪಟ್ಟೆ ಟೊಪ್ಪಿಗೆಯೇ ಗತಿಯಾಯಿತು. ಅಂಗಡಿಯಲ್ಲಿ ಟೊಪ್ಪಿಗೆಗೇನು ಬರವೇ ಎಂದು ರೇಗಿದೆ. ಆದರೂ ಕಡ್ಡಿ ಹಿಡಿದುಕೊಂಡೇ ಬಸ್ಸು ಹತ್ತಿದೆ.

ಒಂದು ಕುಣಿಕೆ ಸೀದಾ, ಒಂದು ಉಲ್ಟಾ. ಹಾಗೆ ಹೆಣೆದರೆ ಹಿಗ್ಗಿ ತಲೆಗೆ ಅಪ್ಪಿ ಕೂಡುತ್ತದೆ. ಬಸ್ಸು ಕುಲುಕುತ್ತಿತ್ತು. ಬೆಳವಣಕಿ ದಾಟಿದ ಮೇಲೆ ನೋಡುತ್ತೇನೆ, ಬಿಳಿ ಪಟ್ಟೆಯ ಬುಡದಲ್ಲಿ ಸಾಲಾಗಿ ಕೆಂಪು ಚುಕ್ಕಿಗಳು! ಬಣ್ಣ ಬದಲಿಸುವ ಸಾಲಿನಲ್ಲೂ ಉಲ್ಟಾ ಹಾಕಿಬಿಟ್ಟಿದ್ದೆ; ಅಲ್ಲೆಲ್ಲ ಕೆಳಗಿನ ಕೆಂಪು ಮೇಲೆ ಇಣುಕಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ. ಬಿಚ್ಚಲು ವೇಳೆಯಿರಲಿಲ್ಲ, ಹಲ್ಲು ಕಚ್ಚಿ ಮುಂದೆ ಹೆಣೆದೆ. ನರಗುಂದ ಬಂದಾಗ ಟೊಪ್ಪಿಗೆ ಇನ್ನೂ ಅರ್ಧವೇ ಆಗಿತ್ತು.

ಮೊದಲು ಕೂಸನ್ನು ನೋಡಿದೆ. ತಲೆಗೆ ಹತ್ತಿ ಸುತ್ತಿದ್ದರು. ನನ್ನ ಮುಷ್ಟಿಗಿಂತ ತುಸು ದೊಡ್ಡ ತಲೆ. ನನಗೂ ಭಯವಾಯಿತು.

ತಂಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕರೆದೆ, ಹೊರಳಲಿಲ್ಲ. ಹಾಲು ಹಿಂಡಿ ಕೊಡಬೇಕೆಂದು ನರ್ಸಮ್ಮ ಹೇಳಿದರೂ ಕೇಳಲಿಲ್ಲ. ಏನು ಮಾಡಲೂ ತೋಚದೆ ಪಕ್ಕದಲ್ಲಿ ಕೂತು ಹೆಣೆಯತೊಡಗಿದೆ. ಕಡ್ಡಿಯ ಸಪ್ಪಳಕ್ಕೆ ಆಕೆ ಕತ್ತು ಹೊರಳಿಸಿದಳು. ನನಗೆ ಹೆಣಿಗೆ ಕಲಿಸಿದವಳೇ ಆಕೆ. ಕಣ್ಣು ನೇರವಾಗಿ ಚುಕ್ಕಿಗಳ ಮೇಲೆ ಬಿತ್ತು.

"ಎಷ್ಟ ಸಲ ಹೇಳೀನಿ, ಬಣ್ಣಾ ಬದಲಿಸೋ ಸಾಲು ಪೂರಾ ಸೀದಾ ಹಾಕಬೇಕಂತ! ಮುಂದಿನ ಸಾಲಿಗೆ ಉಲ್ಟಾ ಸುರು ಮಾಡಬೇಕು. ಕೊಡ ಇಲ್ಲೆ."

ಎದ್ದು ಕೂತು, ಕಸಿದುಕೊಂಡು, ಸರಸರನೆ ಬಿಚ್ಚಿಬಿಟ್ಟಳು. ಬಸ್ಸಿನುದ್ದಕ್ಕೂ ಹೆಣೆದದ್ದು! ಬೈಯುವ ಬದಲು ನೂಲಿನ ಉಂಡೆಗಳನ್ನು ಆಕೆಯ ಮಡಿಲಿಗೆ ಇಟ್ಟೆ.

"ಎಷ್ಟ ಕುಣಿಕಿ ಹಾಕಲಿ? ತಲಿ ಎಷ್ಟ ಐತಿ?"

"ನನಗೇನ ಗೊತ್ತು? ನಾನೂ ಇನ್ನಾ ನೋಡಿಲ್ಲ," ಎಂದೆ. ಅದು ಸುಳ್ಳು.

ಆಕೆ ಬಿಚ್ಚಿದ ನೂಲನ್ನು ಉಂಡೆಗೆ ಸುತ್ತಿದಳು. ಆಮೇಲೆ ಕೆಂಪು ನೂಲಿನ ಒಂದು ತುಂಡನ್ನು ಹಲ್ಲಿನಿಂದ ಕಡಿದು, ನನ್ನ ಹೆಗಲು ಹಿಡಿದು ಮಂಚದಿಂದ ಇಳಿದಳು.

"ನಡಿ, ಅಳತಿ ತಗೊಂಡ ಬರೂಣು."