ಅಜ್ಜಿಯ ಮಡಿ ಮತ್ತು ಗಟಾರದ ಮೇಲಿನ ಹಾದಿ

ನಡೆಯುವವರಿಗೆಂದು ಬದಿಯಲ್ಲಿ ಒಂದಿಷ್ಟು ಜಾಗ ಬಿಟ್ಟ ರಸ್ತೆಯನ್ನು ಕಂಡರೆ ನನಗೆ ಕೈಮುಗಿಯಬೇಕೆನಿಸುತ್ತದೆ. ಗುಡಿಯ ಮುಂದೆಯೂ ನಿನಗೆ ಇಷ್ಟು ಭಕ್ತಿ ಬರುವುದಿಲ್ಲ ಎಂದು ಮನೆಯವರು ನಗುತ್ತಾರೆ. ನಗಲಿ. ರಸ್ತೆ ಮಾಡುವವರು ಮೊದಲು ಕಾಲಿನವರನ್ನು ನೆನೆಯಬೇಕು. ಚಕ್ರದವರು ಹೇಗೂ ತಮ್ಮ ದಾರಿ ಮಾಡಿಕೊಳ್ಳುತ್ತಾರೆ. ಇದನ್ನು ನಾನು ಕಲಿತದ್ದು ನಮ್ಮ ಅಜ್ಜಿಯ ಮಡಿಯಿಂದ.

ಐವತ್ತರ ದಶಕದ ಹಾನಗಲ್ಲು. ಅಪ್ಪ ವಕೀಲರು, ಮನೆ ಪೇಟೆಬೀದಿಯಲ್ಲಿ. ಅಪ್ಪನ ತಾಯಿ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಬಾವಿಗೆ ಹೋಗಿ ಅಡಿಗೆಗೆ ನೀರು ತರುವರು. ಬೇರೆಯವರು ತಂದ ನೀರು ನಡೆಯದು, ದಾರಿಯಲ್ಲಿ ಯಾರೂ ಮುಟ್ಟಲೂಬಾರದು. ಬೀದಿಯ ಅಂಚಿನಲ್ಲಿ ಬೆಲ್ಲ, ಅಡಿಕೆ ಚೀಲ, ಎತ್ತು, ಜನ. ಹಾಗಾಗಿ ಅಜ್ಜಿ ನಟ್ಟನಡುವೆ ನಡೆಯುತ್ತಿದ್ದರು. ಊರೆಲ್ಲ ಸರಿದು ದಾರಿ ಬಿಡುತ್ತಿತ್ತು. ಹುಬ್ಬಳ್ಳಿ ಬಸ್ಸಿಗೆ ಮಾತ್ರ ಆ ಮರ್ಯಾದೆ ಗೊತ್ತಿರಲಿಲ್ಲ.

ಒಂದು ದಿನ ಅದು ಅಜ್ಜಿಯ ಸೆರಗಿನ ಹತ್ತಿರವೇ ಬಂದು ನಿಂತಿತು. ಕೊಡ ಉರುಳಿ ಬಸ್ಸಿನಡಿ ಹೋಯಿತು. ಡ್ರೈವರ್ ನಮ್ಮ ಕಟ್ಟೆಯ ಮೇಲೆ ಕುಳಿತು ನೀರು ಕೇಳಿದ. ಕುಡಿದು ಅಪ್ಪನಿಗೆ ಹೇಳಿದ:

"ರಾಯರ, ಬ್ರೇಕ್ ನಾ ಹಾಕ್ತೇನಿ ಖರೆ. ಗಾಡಿ ಕೇಳಬೇಕಲ್ರಿ."

ಅಂಚಿಗೆ ಹೋದರೆ ಮಡಿ ಹೋಗುತ್ತದೆ, ನಡುವೆ ಹೋದರೆ ಪ್ರಾಣ. ಅಜ್ಜಿಗೆ ಆಯ್ಕೆ ಕಷ್ಟವೇ ಆಗಲಿಲ್ಲ. ಮರುದಿನವೂ ನಡುವೆಯೇ ನಡೆದರು. ಬಸ್ಸಿನ ಸದ್ದು ಕೇಳಿದರೆ ನಾವೆಲ್ಲ ಬಾಗಿಲಿಗೆ ಓಡುತ್ತಿದ್ದೆವು. ಅವ್ವನಂತೂ ಅಜ್ಜಿ ಹೊಸ್ತಿಲು ದಾಟಿ ಒಳಗೆ ಬರುವವರೆಗೆ ಒಲೆ ಹಚ್ಚುತ್ತಿರಲಿಲ್ಲ.

ತಾಯಿಯನ್ನು ಬದಲಿಸುವುದಕ್ಕಿಂತ ಬೀದಿಯನ್ನು ಬದಲಿಸುವುದೇ ಸುಲಭವೆಂದು ಅಪ್ಪ ಅಂಗಡಿ ಅಂಗಡಿ ತಿರುಗಿದರು. ಚೀಲಗಳನ್ನು ಒಳಗೆಳೆದುಕೊಳ್ಳಿ, ಗಟಾರದ ಮೇಲೆ ಚಪ್ಪಡಿ ಹಾಸಿ ಎತ್ತರದ ಹಾದಿ ಮಾಡೋಣ ಎಂದರು. ಮುದುಕರಿಗೆ, ಹೊರೆ ಹೊತ್ತವರಿಗೆ, ಹೆಂಗಸರಿಗೆ ದಾರಿ ಬಿಡಬೇಕೆಂದು ಹಿಂದಿನ ಶಾಸ್ತ್ರಕಾರರು ಹೇಳಿದ್ದನ್ನೂ ಒಪ್ಪಿಸಿದರು. ಅದೇ ಸಾಲಿನಲ್ಲಿ ರಥದವನಿಗೂ ದಾರಿ ಬಿಡಬೇಕೆಂದಿದೆ, ಅದನ್ನು ನುಂಗಿಕೊಂಡರು. ವಕೀಲರಲ್ಲವೇ. ಆದರೆ ಬೆಲ್ಲದಂಗಡಿಯ ವಿರೂಪಾಕ್ಷಪ್ಪನವರು ಶಾಸ್ತ್ರಕ್ಕೆ ಬಗ್ಗುವವರಲ್ಲ. ಮುಂದೆ ಗಾಡಿ ನಿಲ್ಲದಿದ್ದರೆ ವ್ಯಾಪಾರವೆಲ್ಲಿ ಎಂದು ಕೇಳಿದರು.

"ಗಾಡಿ ಬೆಲ್ಲಾ ಕೊಳ್ಳೂದಿಲ್ಲರಿ, ಇಳದು ನಡಿಯೋ ಮನಷಾ ಕೊಳ್ತಾನ," ಎಂದರು ಅಪ್ಪ. ಮಾರನೆಯ ದಿನ ನಮ್ಮ ಕಟ್ಟೆಯ ಚಪ್ಪಡಿಗಳನ್ನೇ ಮೊದಲು ಕೀಳಿಸಿ ಗಟಾರಕ್ಕೆ ಹಾಸಿದರು. ಅದನ್ನು ನೋಡಿ ವಿರೂಪಾಕ್ಷಪ್ಪನವರು ತಮ್ಮ ಚೀಲಗಳನ್ನು ಒಳಗೆ ಸರಿಸಿದರು. ಉಳಿದವರೂ ಸರಿಸಿದರು. ಯಾರದೋ ತಾಯಿಗಾಗಿ ತಮ್ಮ ಅಂಗಡಿಯನ್ನು ಕಿರಿದು ಮಾಡಿಕೊಂಡ ಆ ಜನರ ಋಣ ನಮ್ಮ ಮನೆಯ ಮೇಲೆ ಇಂದಿಗೂ ಇದೆ.

ಆದರೆ ಒಳ್ಳೆಯ ಹಾದಿಯನ್ನು ಒಬ್ಬರಿಗೆಂದು ಮೀಸಲಿಡಲಾಗುವುದಿಲ್ಲ. ಶಾಲೆಯ ಮಕ್ಕಳು, ಬುಟ್ಟಿ ಹೊತ್ತ ಹೆಂಗಸರು, ಬಸುರಿಯರು, ಕೋಲೂರುವ ಮುದುಕರು, ಎಲ್ಲರೂ ಚಪ್ಪಡಿ ಹತ್ತಿದರು. ಮೊದಲ ದಿನವೇ ಓಡಿಬಂದ ಹುಡುಗಿಯೊಬ್ಬಳು, ಕೊಡ ಹೊತ್ತು ಚಪ್ಪಡಿಯ ಮೇಲೆ ಬರುತ್ತಿದ್ದ ಅಜ್ಜಿಯ ಸೊಂಟಕ್ಕೆ ತಾಗಿಬಿಟ್ಟಳು. ಇನ್ನು ಅಜ್ಜಿ ಮತ್ತೆ ನಡುಬೀದಿಗೆ ಇಳಿಯುತ್ತಾರೆಂದೇ ನಾವು ಅಂದುಕೊಂಡೆವು. ಅಜ್ಜಿ ಹಿತ್ತಲಲ್ಲಿ ಕೊಡ ಬರಿದು ಮಾಡಿ, ಎರಡನೆಯ ಸ್ನಾನಕ್ಕೆ ಹೊರಟರು.

"ಹುಡುಗೂರು ಮುಟ್ಟಿದ್ರ ನಾ ಒಬ್ಬಾಕಿ ಸ್ನಾನಾ ಮಾಡ್ತೇನಿ," ಎಂದರು. "ಆ ಮೋಟಾರು ಮುಟ್ಟಿದ್ರ ನೀವೆಲ್ಲಾರೂ ಮಾಡಬೇಕಾಗ್ತಿತ್ತು."