ಆಸ್ಬರ್ನನ ಬಿಡುಗಡೆ ಪತ್ರ

ನಮ್ಮ ಬಿಷಪ್ಪರ ಅರಮನೆಯಲ್ಲಿ ಮೂವತ್ತೊಂದು ವರ್ಷ ಮೇಣ ಕಾಯಿಸಿದವನು ಆಸ್ಬರ್ನ್. ಜೀತದವನು, ಅವನೂ ಅವನ ಮಗಳೂ ಅವನ ಹಸುವೂ ಬಿಷಪ್ಪರ ಆಸ್ತಿ. ಬಿಷಪ್ಪರು ಇಂಗ್ಲೆಂಡಿನ ದೊರೆಗೆ ಮಂತ್ರಿಯೂ ಆಗಿದ್ದರಿಂದ ಪತ್ರಗಳಿಗೆ ಕೊನೆಯಿರಲಿಲ್ಲ. ಎಷ್ಟೋ ಜನರ ಬಿಡುಗಡೆ ಪತ್ರದ ಮುದ್ರೆಗೆ ಮೇಣ ಹದಮಾಡಿ ಕೊಟ್ಟವನು ಇವನೇ.

ಮಗಳು ಎಮ್ಮೊಟ್‌ಗೆ ನೇಕಾರ ಪಿಯರ್ಸನ ಜೊತೆ ಮದುವೆ ಮಾತಾಗಿತ್ತು. ಪಿಯರ್ಸ್ ಜೀತದವನಲ್ಲ. ಅವನ ತಾಯಿ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಜೀತದವಳ್ನ ಮನೆ ತುಂಬಿಸ್ಕೊಳಲ್ಲ. ಮೊದ್ಲು ಮುದ್ರೆ ಬಿದ್ದ ಪತ್ರ ತೋರ್ಸಪ್ಪಾ."

ಆಸ್ಬರ್ನ್ ಮಂಡಿಯೂರಿ ತನಗೂ ಮಗಳಿಗೂ ಬಿಡುಗಡೆ ಬೇಡಿದ. ಬಿಷಪ್ಪರು ಕರಗಿದರು. ಗುಮಾಸ್ತನಾದ ನಾನು ಪತ್ರ ಬರೆದು ಓದಿದೆ. ಅವರು ಮುಖ ಸಿಂಡರಿಸಿದರು.

"ನನ್ನ ಬಿರುದುಗಳೆಲ್ಲ ಎಲ್ಲಯ್ಯಾ? ಒಂದೂವರೆ ಸಾಲಿಗೆ ಮುಗಿಯೋ ಮನುಷ್ಯನೇನೋ ನಾನು?"

ಬಿರುದು ಸೇರಿಸಿ ಐದು ಸಾಲು ಮಾಡಿದೆ. ಅಷ್ಟರಲ್ಲಿ ದೊರೆಗೆ ಸಿಟ್ಟು ಬಂದು ಮಂತ್ರಿ ಪದವಿ ಹೋಯಿತು. ಇಲ್ಲದ ಪದವಿ ಬರೆದ ಪತ್ರಕ್ಕೆ ಮುದ್ರೆ ಒತ್ತುವಂತಿಲ್ಲ. ಪದವಿ ಬಿಟ್ಟು ಬರೆಸಲು ಬಿಷಪ್ಪರಿಗೆ ಮನಸ್ಸಿಲ್ಲ.

"ಸ್ವಲ್ಪ ತಡ್ಕೊಳೋ ಆಸ್ಬರ್ನ್. ದೊರೆ ಇವತ್ತಲ್ಲ ನಾಳೆ ಕರೀತಾರೆ."

ಕರೆದರು, ಮೂರನೆಯ ವರ್ಷ. ಹೊಸ ಪತ್ರ ಬರೆದೆ: ಬಿರುದು ಆರು ಸಾಲು, ಆಸ್ಬರ್ನ್ ಅರ್ಧ ಸಾಲು. "ಭೇಷ್! ಬೆಳಿಗ್ಗೆ ಒತ್ತೋಣ" ಎಂದು ಬಿಷಪ್ಪರು ಊಟಕ್ಕೆದ್ದರು. ಹಾವುಮೀನಿನ ಸಾರು ಎರಡು ಬಟ್ಟಲು ಜಾಸ್ತಿಯಾಯಿತು. ಬೆಳಿಗ್ಗೆ ಹೆಣವಾಗಿದ್ದರು.

ಬಿಷಪ್ ತೀರಿಕೊಂಡರೆ ಅವರ ಮುದ್ರೆಯನ್ನು ಎಲ್ಲರೆದುರು ಸುತ್ತಿಗೆಯಿಂದ ಒಡೆಯಬೇಕು. ಇಲ್ಲವಾದರೆ ಸತ್ತವರ ಹೆಸರಿನಲ್ಲಿ ಯಾರು ಏನು ಬೇಕಾದರೂ ಬರೆದುಕೊಂಡಾರು. ಹಿರಿಯ ಪಾದ್ರಿಗಳು ಬರುವವರೆಗೆ ಅದನ್ನು ಕಾಯಲು ನಂಬಿಕಸ್ಥನೊಬ್ಬ ಬೇಕಿತ್ತು. ಆಸ್ಬರ್ನನನ್ನು ಕೂರಿಸಿದರು. ಮೇಜಿನ ಮೇಲೆ ಮುದ್ರೆ, ಪಕ್ಕದಲ್ಲಿ ಅವನ ಪತ್ರ, ಒಲೆಯ ಬಳಿ ಬೆಚ್ಚಗಿನ ಮೇಣ. ನಾನು ಬೇಕೆಂದೇ ಹೊರಗೆ ಹೋಗಿ ಬಹಳ ಹೊತ್ತು ಕೆಮ್ಮಿದೆ. ತಿರುಗಿ ಬಂದಾಗ ಪತ್ರ ಬೋಳಾಗಿಯೇ ಇತ್ತು.

ಮುದ್ರೆ ಮೂರೇಟಿಗೆ ಒಡೆಯಿತು.

"ಮೇಣ ಕೈಲಿತ್ತು, ಮುದ್ರೆ ಕಣ್ಣೆದುರಿಗಿತ್ತು. ಒತ್ತಕ್ಕೆ ಏನಾಗಿತ್ತಪ್ಪಾ ನಿಂಗೆ?" ಎಂದಳು ಎಮ್ಮೊಟ್.

"ನನ್ನ ನಂಬಿ ಕೂರ್ಸಿದ್ರು ಕಣಮ್ಮ."

"ನಿಮ್ಮ ಬಿಷಪ್ಪರನ್ನ ನಂಬಿ ನಾನೂ ಮೂರು ವರ್ಷ ಕೂತಿದ್ದೆ."

ಸುಗ್ಗಿ ಮುಗಿಯುತ್ತಲೇ ಪಿಯರ್ಸ್ ಬೇರೆ ಹೆಣ್ಣನ್ನು ಮದುವೆಯಾದ.

ಹೊಸ ಬಿಷಪ್ಪರು ಬಂದರು. ಒಳ್ಳೆಯ ತೊಗಲಿನ ಹಾಳೆ ಸುಮ್ಮನೆ ಹಾಳಾಗಬಾರದೆಂದು, ಆ ಪತ್ರದ ಬರಹವನ್ನು ಹೆರೆದು ತೆಗೆಯಲು ನನಗೇ ಹೇಳಿದರು. ಬಿರುದುಗಳು ಬಿಡಲು ಮಧ್ಯಾಹ್ನವೆಲ್ಲ ಹಿಡಿಯಿತು. ಆಸ್ಬರ್ನನ ಹೆಸರು ಚಾಕುವಿನ ಒಂದೇ ಎಳೆತಕ್ಕೆ ಹೋಯಿತು.