ಬಲಗಡೆಯ ಹೆಗಲು

ದೇವರ ಮೇಲೆ ನನಗೆ ಸದಾ ನಂಬಿಕೆಯಿದೆ. ಆದರೆ ಯಾರೋ ಕಾಣಿಸಿಕೊಂಡರು, ಯಾರೋ ಕಾಪಾಡಿದರು ಎಂದು ಮಸೀದಿಯ ಹೆಂಗಸರು ಹೇಳುತ್ತಿದ್ದ ಕಥೆಗಳಿಗೆ ಒಳಗೊಳಗೇ ನಗುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಹೊರಟಿದ್ದೇನೆ. ನೀವು ನಕ್ಕರೂ ನನಗೆ ಬೇಸರವಿಲ್ಲ.

2006ರ ಚಳಿಗಾಲ. ಕಾರ್ಮೆಲ್ ವ್ಯಾಲಿಯ ಮನೆಯಿಂದ ಲಾಸ್ ಏಂಜಲೀಸ್ ಕಡೆಯ ಬೆಟ್ಟಕ್ಕೆ ಹಿಮ ನೋಡಲು ಹೋಗಿದ್ದೆವು. ನಾನು, ಗಂಡ, ಪುಟ್ಟ ಮಗಳು ಸನಾ, ಗಂಡನ ಆಫೀಸಿನ ಗೆಳೆಯ ಸುರೇಶ್. ಒಳ್ಳೆಯ ಬಿಸಿಲಿತ್ತು. ಸನಾಳ ಕೆಮ್ಮು ಬಿಟ್ಟಿತ್ತು. ಫ್ಲಾಸ್ಕಿನ ಚಹಾ ಇನ್ನೂ ಬಿಸಿಯಾಗಿತ್ತು. ಇಂಥದ್ದಕ್ಕೆಲ್ಲ ದೇವರಿಗೆ ಕೃತಜ್ಞತೆಯ ಶುಕ್ರ್ ಹೇಳುವುದು ನನ್ನ ಅಭ್ಯಾಸ.

ದಾರಿ ಶುರುವಾಗುವಲ್ಲಿ ಹಿಮಕುಸಿತದ ಎಚ್ಚರಿಕೆಯ ಬೋರ್ಡ್ ಇತ್ತು.

"ಅದು ಸ್ಕೀ ಮಾಡೋರಿಗೆ ಭಾಭಿ, ನಾವು ವಾಕಿಂಗ್ ಪಾರ್ಟಿ," ಎಂದರು ಸುರೇಶ್. ಎಲ್ಲರೂ ನಕ್ಕೆವು. ಹಿಮ ಎಂದರೆ ನಮಗೆ ಫ್ರೀಜರಿನಲ್ಲಿ ಕಟ್ಟುವಂಥದ್ದು, ಅಷ್ಟೇ. ಹಳೆಯ ಹಿಮ ಗಾಜಿನಂತೆ ಗಟ್ಟಿಯಾಗಿ, ಅದರ ಮೇಲೆ ಗಾಳಿ ಹೊಸ ಹಿಮವನ್ನು ರಾಶಿ ಹಾಕಿದ್ದರೆ ಮೇಲಿನ ಪದರ ಒಟ್ಟಿಗೇ ಜಾರುತ್ತದೆ ಎಂದು ಅರಣ್ಯ ಇಲಾಖೆಯವರು ವಿವರಿಸಿದ್ದು ಆಮೇಲೆ.

ಮುಂದೆ ಒಂದು ಬೋಳು ಇಳಿಜಾರನ್ನು ಅಡ್ಡಲಾಗಿ ದಾಟಬೇಕಿತ್ತು. ಅಷ್ಟರಲ್ಲಿ ಮಧ್ಯಾಹ್ನದ ನಮಾಜಿನ ಹೊತ್ತಾಯಿತು. ಪ್ರಯಾಣದಲ್ಲಿ ಎರಡೇ ರಕಾತ್, ಎರಡೇ ಸುತ್ತು, ಬೇಗ ಮುಗಿಯುತ್ತದೆ ಎಂದು ಪೈನ್ ಮರದ ಪಕ್ಕ ಜಾನಮಾಜ್ ಚಾಪೆ ಹಾಸಿದೆ. ಉಳಿದವರು ಇಳಿಜಾರಿನ ಅಂಚಿನಲ್ಲಿ ಕಾದರು.

ಎರಡನೇ ರಕಾತಿನಲ್ಲಿ ಬಲಗಡೆ ಒಂದು ಹೆಗಲು ನನ್ನ ಹೆಗಲಿಗೆ ತಾಗಿತು. ಮಸೀದಿಯ ಸಾಲಿನಲ್ಲಿ ನಿಂತಾಗ ಪಕ್ಕದವರ ಹೆಗಲು ತಾಗುತ್ತದಲ್ಲ, ಹಾಗೆ, ಬೆಚ್ಚಗೆ. ದಾರಿಯಲ್ಲಿ ಬಂದ ಯಾರೋ ಹೆಂಗಸು ಸೇರಿಕೊಂಡರು ಎಂದುಕೊಂಡೆ. ನಮಾಜಿನಲ್ಲಿ ಅತ್ತಿತ್ತ ನೋಡುವಂತಿಲ್ಲ. ಕೊನೆಯ ಸಜ್ದಾಕ್ಕೆ ಹಣೆ ನೆಲಕ್ಕಿಟ್ಟೆವು. ಪಕ್ಕದವರು ಏಳಲೇ ಇಲ್ಲ. ಅವರನ್ನು ಬಿಟ್ಟು ಏಳಲು, ಯಾಕೋ, ನನಗೂ ಆಗಲಿಲ್ಲ.

"ಮಾಮ್, ಐ ಆಮ್ ಫ್ರೀಜಿಂಗ್!" ಸನಾ ಕೂಗಿದಳು.

"ಇನ್ನೆಷ್ಟು ಹೊತ್ತಮ್ಮ? ನಾವು ದಾಟಿರ್ತೀವಿ, ನೀನು ಬಾ," ಎಂದರು ಗಂಡ.

"ಇರ್ರೀ, ಭಾಭಿ ನಮ್ಮ ಪಾಲಿಂದೂ ಸೇರಿಸಿ ಮಾಡ್ತಿದಾರೆ ಅನ್ಸತ್ತೆ!" ಇದು ಸುರೇಶ್.

ಆಗ ನೆಲದೊಳಗೆ ಧುಪ್ಪೆಂದದ್ದು ನನ್ನ ಹಣೆಗೆ ತಿಳಿಯಿತು. ಹಿಂದೆಯೇ ಬಂಡೆ ಉರುಳಿದಂಥ ಸದ್ದು. ಅವರು ಕಾಲಿಡಲಿದ್ದ ಇಳಿಜಾರು ಪೂರ್ತಿ ಕಣಿವೆಗೆ ಹೋಗಿತ್ತು. ಸನಾ ಅಳುತ್ತಿದ್ದಳು. "ಇದೀವಿ, ಇದೀವಿ, ಎಲ್ಲಾರೂ ಇದೀವಿ!" ಎಂದು ಗಂಡ ಕೂಗುತ್ತಲೇ ಇದ್ದರು.

ಎದ್ದು ಕುಳಿತು, ಪಕ್ಕದವರಿಗೆ ಹೇಳಿ ನಮಾಜು ಮುಗಿಸುವ ಸಲಾಮಿಗೆ ಬಲಕ್ಕೆ ಮುಖ ತಿರುಗಿಸಿದೆ. ಅಲ್ಲಿ ಹಿಮ ನುಣ್ಣಗೆ ಹಾಸಿಕೊಂಡಿತ್ತು. ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

ಚಳಿಗೆ ನನ್ನ ಮೈ ಜೋಮು ಹಿಡಿದಿತ್ತು ಎನ್ನುತ್ತಾರೆ ಗಂಡ. ಇರಬಹುದು. ಜೋಮು ಹಿಡಿದ ಹೆಗಲಿಗೆ ಬೆಚ್ಚಗಾದದ್ದು ಹೇಗೆ ತಿಳಿಯಿತು ಎಂದರೆ ಚಹಾ ಇಡಲು ಎದ್ದು ಹೋಗುತ್ತಾರೆ. ಸನಾ ಈಗ ನನಗಿಂತ ಎತ್ತರ ಬೆಳೆದಿದ್ದಾಳೆ. ಬಾಗಿಲಲ್ಲೇ ಶೂ ಬಿಸಾಡಿ ಒಳಗೆ ಬರುತ್ತಾಳೆ. ಬೈಯುವ ಮೊದಲು ಶುಕ್ರ್ ಹೇಳಿಕೊಳ್ಳುತ್ತೇನೆ.

ಅಂದು ಆ ಖಾಲಿ ಹಿಮಕ್ಕೇ ಸಲಾಮ್ ಹೇಳಿದ್ದೆ. ಅದು ಯಾರಿಗೆ ಸೇರಿತೋ, ನನಗಂತೂ ತಿಳಿಯದು.